ಮಗ ಆಟದ ಕಂಪ್ಯೂಟರ್ ಕೇಳ್ಯಾನ, ಏನ್ ಮಾಡ್ಲಿ?



ಈ ಸಲ ರಾಮದುರ್ಗದಿಂದ ಒಬ್ಬ ತಾಯಿಯ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಮನೆಯವರದು ಮಗ್ಗದ ದುಡಿಮೆ. ಮಗ ಪಿ.ಯು.ಸಿ. ಮುಗಿಸಿ ಬಿ.ಸಿ.ಎ.ಗೆ ಸೇರಿದ್ದಾನೆ. ಅವನಿಗೆ ಆಟ ಆಡುವ ಕಂಪ್ಯೂಟರ್ ಬೇಕಂತೆ. ಅಂಗಡಿಯಲ್ಲಿ ವಿಚಾರಿಸಿದರೆ ಗೇಮಿಂಗ್ ಲ್ಯಾಪ್‌ಟಾಪ್‌ಗೆ 80 ಸಾವಿರ ಹೇಳಿದರಂತೆ. ಮಗ ಮಾತ್ರ, "ಅವ್ವಾ, ಬಿಡಿ ಸಾಮಾನು ತಂದು ನಾನೇ ಜೋಡಸ್ತೀನಿ, 45 ಸಾವಿರದಾಗ ಮುಗೀತೈತಿ" ಅಂತ ಬೆನ್ನು ಹತ್ತಿದ್ದಾನೆ. ಗೃಹಲಕ್ಷ್ಮಿಯ ರೊಕ್ಕ, ಸಂಘದ ಉಳಿತಾಯ ಎರಡೂ ಸೇರಿ ಅಷ್ಟು ಹಣ ಈ ತಾಯಿಯ ಹತ್ತಿರ ಇದೆ. "ಕೊಟ್ರ ಹುಡುಗ ಆಟದಾಗ ಹಾಳಾಗ್ತಾನೇನೋ ಅಂತ ಅಂಜಿಕಿ. ಕೊಡದಿದ್ರ ಮಾತು ಬಿಡ್ತಾನೇನೋ ಅಂತ ಸಂಕಟ. ಮಗಳೂ ಒಬ್ಬಾಕಿ ಅದಾಳ, ಒಂಬತ್ತನೇತ್ತ ಓದ್ತಾಳ. ಅಕಿಗೂ ಕಂಪ್ಯೂಟರ್ ಹುಚ್ಚು. ಆದ್ರ ಅಕಿದೇನು ಬಿಡ್ರಿ" ಎಂದು ಬರೆದಿದ್ದಾರೆ.

ಆ ಕೊನೆಯ ಮಾತಿಗೆ ಆಮೇಲೆ ಬರುತ್ತೇನೆ.

ರಾಯಬಾಗ ತಾಲ್ಲೂಕಿನ ಒಬ್ಬ ಅಜ್ಜಿ 2024ರಲ್ಲಿ ಗೃಹಲಕ್ಷ್ಮಿಯ ರೊಕ್ಕ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿದ ಸುದ್ದಿಯನ್ನು ನೀವೂ ಓದಿರಬೇಕು. ಕೂಡಿಟ್ಟ ರೊಕ್ಕವನ್ನು ಹೋಳಿಗೆಗೆ ಹಾಕಬೇಕೋ, ಹೊಲಿಗೆ ಯಂತ್ರಕ್ಕೆ ಹಾಕಬೇಕೋ, ಕಂಪ್ಯೂಟರ್‌ಗೆ ಹಾಕಬೇಕೋ ಎಂಬುದು ಕೂಡಿಟ್ಟವಳ ಮಾತು. ಆದರೆ ತಿಂಗಳಿಗೆ 2,000ದ ಲೆಕ್ಕ ಹಿಡಿದರೆ 45 ಸಾವಿರ ಅಂದ್ರ ಎರಡು ವರ್ಷಕ್ಕೆ ಒಂದೆರಡೇ ತಿಂಗಳು ಕಡಿಮೆ. ಅಷ್ಟು ದಿನದ ಗಂಟನ್ನು ಬಿಚ್ಚುವವಳಿಗೆ ಯಾವ ಸಾಮಾನಿಗೆ ಎಷ್ಟು ಹೋಗುತ್ತದೆ, ಯಾಕೆ ಹೋಗುತ್ತದೆ ಎಂಬುದು ಗೊತ್ತಿರಬೇಕು. "ಅದು ಹುಡುಗರ ವಿಷಯ, ನಮಗೆ ತಿಳಿಯೂದಿಲ್ಲ" ಅನ್ನಬ್ಯಾಡ್ರಿ. ಎಸ್.ಎಸ್.ಎಲ್.ಸಿ. ಓದಿದ ನಾನು ನಮ್ಮ ಮನೆಯ ಕಂಪ್ಯೂಟರ್ ಜೋಡಿಸುವಾಗ ಲೆಕ್ಕದ ವಹಿ ಹಿಡಿದು ಕೂತಿದ್ದೆ. ಅದರೊಳಗೆ ಇರುವವು ಏಳೆಂಟು ಸಾಮಾನು ಮಾತ್ರ. ಮದುವೆಯ ಜವಳಿ ತರುವುದಕ್ಕಿಂತ ಕಠಿಣವೇನಲ್ಲ.

ಮೊದಲು ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: "ಯಾವ ಆಟ ಆಡಾಂವ ಇದ್ದೀ?" ಇದನ್ನು ಕೇಳದೆಯೇ ಎಷ್ಟೋ ಮನೆಗಳಲ್ಲಿ ರೊಕ್ಕ ಹೋಗಿದೆ. ಹುಡುಗರು ಆಡುವ ಬಿ.ಜಿ.ಎಂ.ಐ., ಫ್ರೀ ಫೈರ್ ಇವು ಮೊಬೈಲ್ ಆಟಗಳು. ಪಬ್‌ಜಿ ಮೊಬೈಲ್ ಅನ್ನು 2020ರ ಸೆಪ್ಟೆಂಬರ್‌ನಲ್ಲಿ ಸರಕಾರ ನಿಷೇಧಿಸಿದ ಮೇಲೆ 2021ರಲ್ಲಿ ಅದರ ಬದಲಿಗೆ ಬಂದದ್ದೇ ಈ ಬಿ.ಜಿ.ಎಂ.ಐ. ಅದನ್ನು ಆಡಲು ಕಂಪ್ಯೂಟರ್ ಬೇಕಾಗಿಯೇ ಇಲ್ಲ. ಇನ್ನು ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಜಿ.ಟಿ.ಎ. 5 ಇಂಥ ಆಟಗಳ ಹೆಸರು ಹೇಳಿದರೆ ಸಾಧಾರಣ ಕಂಪ್ಯೂಟರ್ ಸಾಕು. ಈ ವರ್ಷ ಬಿಡುಗಡೆಯಾದ ದೊಡ್ಡ ಆಟಗಳೇ ಬೇಕು, ಚಿತ್ರ ಕಣ್ಣಿಗೆ ಕಟ್ಟಿದಂಗ ಇರಬೇಕು ಅಂದರೆ ಆಗ ಖರ್ಚು ಏರುತ್ತದೆ. ಮಗನ ಉತ್ತರವನ್ನು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಅಂಗಡಿಕಾರ ಬೇರೆ ಹಾದಿಗೆ ಎಳೆದಾಗ ಆ ಹಾಳೆ ಕೈಯಲ್ಲಿರಲಿ.

ಲ್ಯಾಪ್‌ಟಾಪೋ, ಜೋಡಿಸಿದ ಕಂಪ್ಯೂಟರೋ? ಹಾಸ್ಟೆಲ್‌ನಲ್ಲಿ ಇರುವ ಹುಡುಗನಾದರೆ ಲ್ಯಾಪ್‌ಟಾಪ್. ಮನೆಯಿಂದಲೇ ಓಡಾಡುವವನಾದರೆ ಜೋಡಿಸಿದ್ದೇ ಮೇಲು. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎಲ್ಲ ಒಂದೇ ಹಲಗೆಗೆ ಬೆಸುಗೆ ಹಾಕಿರುತ್ತಾರೆ. ಒಂದು ಕೆಟ್ಟರೆ ಇಡೀ ಹಲಗೆಯೇ ಹೋದಂತೆ. ಜೋಡಿಸಿದ್ದರಲ್ಲಿ ಕೆಟ್ಟ ಸಾಮಾನು ಮಾತ್ರ ಬದಲಿಸಬಹುದು. ಇನ್ನೊಂದು ಗುಣವಿದೆ, ನಮ್ಮಂಥವರಿಗೆ ಅದೇ ದೊಡ್ಡದು: ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಾಗಿಲ್ಲ. ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ. ಮನೆ ಕಟ್ಟುವವರು ಮೊದಲು ಕೆಳಗಿನದು ಕಟ್ಟಿ, ಮೇಲಿನದಕ್ಕೆ ಕಂಬಿ ಬಿಟ್ಟಿರುವುದಿಲ್ಲವೇ, ಹಂಗ.

ಈಗ ಸಾಮಾನಿನ ವಿಚಾರ. ಪ್ರೊಸೆಸರ್ ಅಂದರೆ ಲೆಕ್ಕ ಮಾಡುವ ತಲೆ. ಗ್ರಾಫಿಕ್ಸ್ ಕಾರ್ಡ್ ಅಂದರೆ ಪರದೆಯ ಮೇಲೆ ಚಿತ್ರ ಬರೆಯುವ ಕೈ. ಆಟದ ಕಂಪ್ಯೂಟರಿನಲ್ಲಿ ದುಬಾರಿಯಾದದ್ದು ಈ ಕೈಯೇ. ಪೂರ್ತಿ ಕಂಪ್ಯೂಟರ್ ಒಮ್ಮೆಗೇ ಕೊಳ್ಳುವವರು ನೂರು ರೂಪಾಯಿಯಲ್ಲಿ 35ರಿಂದ 40 ರೂಪಾಯಿಯನ್ನು ಇದೊಂದಕ್ಕೇ ಇಡುತ್ತಾರೆ. ಆದರೆ ಕೆಲವು ಪ್ರೊಸೆಸರ್‌ಗಳಲ್ಲಿ ಚಿತ್ರ ಬರೆಯುವ ಶಕ್ತಿ ಒಳಗೇ ಇರುತ್ತದೆ. ಎ.ಎಂ.ಡಿ. ಕಂಪನಿ 2021ರಲ್ಲಿ ಅಂಗಡಿಗೆ ತಂದ ರೈಜೆನ್ 5 5600ಜಿ ಅಂಥದ್ದು. ಅದರ ಕೊನೆಯ "ಜಿ" ಅಕ್ಷರವೇ ಗ್ರಾಫಿಕ್ಸ್ ಒಳಗಿದೆ ಎಂಬ ಗುರುತು. ಇದರ ಮೇಲೆ ವ್ಯಾಲೊರಂಟ್ ಸಲೀಸಾಗಿ ನಡೆಯುತ್ತದೆ. ಜಿ.ಟಿ.ಎ. 5ರಂಥ ಆಟ ಚಿತ್ರದ ಗುಣಮಟ್ಟ ತುಸು ಇಳಿಸಿಕೊಂಡರೆ ನಡೆಯುತ್ತದೆ. ಹೊಸ ಭಾರೀ ಆಟಗಳು ತಿಣುಕುತ್ತವೆ. ರಾಮದುರ್ಗದ ತಾಯಿಗೆ ನನ್ನ ಸಲಹೆ ಇದೇ. ಮೊದಲ ವರ್ಷ ಇದರ ಮೇಲೆ ನಡೆಸಲಿ. ವರ್ಷ ಕಳೆದ ಮೇಲೆ ಬೇಕೆನಿಸಿದರೆ ಗ್ರಾಫಿಕ್ಸ್ ಕಾರ್ಡ್ ತಂದು ಅದೇ ಪೆಟ್ಟಿಗೆಯಲ್ಲಿ ಸಿಕ್ಕಿಸಬಹುದು.

ಈ ಅಕ್ಷರದ ಮಾತು ಚೆನ್ನಾಗಿ ನೆನಪಿಡಿ. ಇಂಟೆಲ್ ಕಂಪನಿಯ ಐ3-12100ಎಫ್ ಎಂಬ ಒಳ್ಳೆಯ ಪ್ರೊಸೆಸರ್ ಇದೆ. ಆದರೆ ಕೊನೆಗೆ "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದರ್ಥ. ಕಾರ್ಡ್ ಇಲ್ಲದೆ ಅದನ್ನು ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೆ ಇರುತ್ತದೆ. ಕೆಟ್ಟಿದೆ ಎಂದುಕೊಂಡು ಮತ್ತೆ ಅಂಗಡಿಗೆ ಹೊತ್ತವರಿದ್ದಾರೆ.

ಇದಕ್ಕಿಂತ ದೊಡ್ಡ ಮೋಸ ಅಂಕಿಯಲ್ಲಿದೆ. "ಐ5 ಐತ್ರಿ ಅಕ್ಕಾರ, ಹನ್ನೆರಡು ಸಾವಿರಕ್ಕ ಕೊಡ್ತೀನಿ" ಎಂದು ಬಣ್ಣಬಣ್ಣದ ದೀಪ ಹಚ್ಚಿದ ಪೆಟ್ಟಿಗೆ ತೋರಿಸುತ್ತಾರೆ. ಐ5 ಅನ್ನುವುದು ಮನೆತನದ ಹೆಸರು ಇದ್ದ ಹಾಗೆ. ಎಷ್ಟನೆಯ ತಲೆಮಾರು ಎಂಬುದು ಮುಂದಿನ ಅಂಕಿಯಲ್ಲಿ ಇರುತ್ತದೆ. ಐ5-3470 ಅಂದರೆ ಮೂರನೆಯ ತಲೆಮಾರು, 2012ರದ್ದು. ಐ5-12400 ಅಂದರೆ ಹನ್ನೆರಡನೆಯದು, 2022ರದ್ದು. ಕಚೇರಿಗಳಲ್ಲಿ ವರ್ಷಗಟ್ಟಲೆ ಬಳಸಿ ಬಿಟ್ಟ ಹಳೆಯ ಯಂತ್ರಗಳನ್ನು ತಂದು ಒರೆಸಿ ಮಾರುವ ವ್ಯಾಪಾರ ದೊಡ್ಡದಾಗಿ ನಡೆದಿದೆ. ಟೈಪ್ ಮಾಡಲು, ಟ್ಯಾಲಿ ಕಲಿಯಲು ಅವು ಬಂದಾವು. ಆದರೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಕಂಪನಿಯ ನಿಯಮದ ಪ್ರಕಾರ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ ಈಚಿನದು ಬೇಕು. ಅಷ್ಟೇ ಅಲ್ಲ, ವಿಂಡೋಸ್ 11ರ ಮೇಲೆ ವ್ಯಾಲೊರಂಟ್ ನಡೆಯಲು ಟಿ.ಪಿ.ಎಂ. 2.0 ಎಂಬ ಭದ್ರತೆಯ ವ್ಯವಸ್ಥೆ ಇರಲೇಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಅದು ಸಿಗುವುದಿಲ್ಲ. ಹನ್ನೆರಡು ಸಾವಿರ ಕೊಟ್ಟು ತಂದು, ಮಗನಿಗೆ ಬೇಕಾದ ಆಟವೇ ಅದರಲ್ಲಿ ಬರದಿದ್ದರೆ?

ಹಳೆಯ ಗ್ರಾಫಿಕ್ಸ್ ಕಾರ್ಡಿನ ಕತೆಯೂ ಅದೇ. ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸಲು ಜನ ಈ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ನಿಂತ ಮೇಲೆ ಅಂಥ ಕಾರ್ಡುಗಳು ರಾಶಿ ರಾಶಿ ಪೇಟೆಗೆ ಬಂದವು. ಆರ್.ಎಕ್ಸ್. 580 ಎಂಬುದು 2017ರ ಕಾರ್ಡು. ಅದನ್ನು ಹೊಸ ಡಬ್ಬಿಯಲ್ಲಿ ಹಾಕಿ, ಹೊಸದೆಂದೇ ಮಾರುವವರು ಇದ್ದಾರೆ. ಗುರುತು ಪರಿಚಯದವರ ಮನೆಯಲ್ಲಿ ಬಳಸಿದ ಕಾರ್ಡು, ವಾರಂಟಿ ಉಳಿದಿದೆ, ಬಿಲ್ಲೂ ಇದೆ ಅಂದರೆ ಮಾತ್ರ ಹಳೆಯದಕ್ಕೆ ಕೈ ಹಾಕಿ.

ಇನ್ನು ರ್ಯಾಮ್. 2025ರ ಕೊನೆಯ ತಿಂಗಳುಗಳಲ್ಲಿ ಇದರ ಬೆಲೆ ಉಳ್ಳಾಗಡ್ಡಿಯ ಬೆಲೆಗಿಂತ ಜೋರಾಗಿ ಏರಿತು. ಕೃತಕ ಬುದ್ಧಿಮತ್ತೆಗಾಗಿ ದೊಡ್ಡ ದೇಶಗಳಲ್ಲಿ ಕಟ್ಟುತ್ತಿರುವ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಂಡಿದ್ದೇ ಕಾರಣ. ಅಮೆರಿಕದಲ್ಲಿ ಯಾರೋ ಕಟ್ಟಿದ್ದಕ್ಕೆ ರಾಮದುರ್ಗದ ತಾಯಿಯ ಗಂಟು ಹಗುರ ಆಗುವುದು ನೋಡ್ರಿ! ಹಾಗಾಗಿ ಹಳೆಯ ಪಟ್ಟಿ ನೋಡಿ ಮಗ ಹಾಕಿದ 45 ಸಾವಿರದ ಲೆಕ್ಕವನ್ನು ಕೊಳ್ಳುವ ವಾರದಲ್ಲಿ ಇನ್ನೊಮ್ಮೆ ಹಾಕಿಸಿ. ಒಂದು ಉಪಾಯವಿದೆ. ಮನೆಯಲ್ಲೋ ನೆಂಟರಲ್ಲೋ ಕೆಟ್ಟು ಮೂಲೆ ಸೇರಿದ ಕಂಪ್ಯೂಟರ್ ಇದ್ದರೆ ಅದರ ರ್ಯಾಮ್ ಬಿಚ್ಚಿ ನೋಡಿ. ಡಿ.ಡಿ.ಆರ್.4 ಎಂದು ಇದ್ದರೆ 5600ಜಿ ಜೊತೆ ಹೊಂದುತ್ತದೆ. ಲ್ಯಾಪ್‌ಟಾಪಿನದು ಗಿಡ್ಡ, ಅದು ಹೊಂದುವುದಿಲ್ಲ. ಕೊಳ್ಳುವವರು 16 ಜಿ.ಬಿ.ಯ ಒಂದೇ ಪಟ್ಟಿ ತರುವ ಬದಲು 8 ಜಿ.ಬಿ.ಯ ಎರಡು ತರಬೇಕು. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗಂತೂ ಇದು ಬಹಳ ಮುಖ್ಯ, ಯಾಕಂದ್ರ ಅದು ಚಿತ್ರ ಬರೆಯಲು ಇದೇ ರ್ಯಾಮನ್ನು ಬಳಸುತ್ತದೆ. ಒಂಟೆತ್ತಿನ ಗಾಡಿಗೂ ಜೋಡೆತ್ತಿನ ಗಾಡಿಗೂ ಇರುವ ವ್ಯತ್ಯಾಸ ಹುಡುಗನಿಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇಷ್ಟು ಹೇಳಿ, ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ಅದನ್ನು ಹುಡುಗರು ಪಟ್ಟಿಯ ಕಟ್ಟಕಡೆಗೆ ಬರೆದಿರುತ್ತಾರೆ. ಅದೇ ಎಸ್.ಎಂ.ಪಿ.ಎಸ್., ಗೋಡೆಯ ಕರೆಂಟನ್ನು ಒಳಗಿನ ಸಾಮಾನುಗಳಿಗೆ ಹದವಾಗಿ ಹಂಚುವ ಡಬ್ಬಿ. ಕ್ಯಾಬಿನೆಟ್ಟಿನ ಜೊತೆಗೇ ಪುಕ್ಕಟೆ ಎಂಬಂತೆ ಬರುವ ಹೆಸರಿಲ್ಲದ ಡಬ್ಬಿಗೆ ಏಳೆಂಟು ನೂರು ರೂಪಾಯಿ, ಒಳ್ಳೆಯದಕ್ಕೆ ಮೂರೂವರೆ-ನಾಲ್ಕು ಸಾವಿರ. "ಮೇಲಿಂದ ಕಾಣದ ಡಬ್ಬಿಗೆ ನಾಲ್ಕು ಸಾವಿರವೇ?" ಎಂದು ಯಾರಿಗಾದರೂ ಅನಿಸುತ್ತದೆ. ಇದೇ ನಾಲ್ಕು ಸಾವಿರದಲ್ಲಿ ಬಣ್ಣದ ದೀಪ, ಗಾಜಿನ ಪೆಟ್ಟಿಗೆ ಬರುತ್ತದಲ್ಲ ಎಂದು ಹುಡುಗನ ಲೆಕ್ಕ. ನಮ್ಮ ಓಣಿಯ ಒಬ್ಬರ ಮನೆಯಲ್ಲಿ ಹೀಗೇ ದೀಪಕ್ಕೆ ರೊಕ್ಕ ಹಾಕಿ ಡಬ್ಬಿ ಸೋವಿಯದು ತಂದರು. ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಡಬ್ಬಿ ಸುಟ್ಟಿತು, ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ರಾಮದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ವೋಲ್ಟೇಜ್ ಹೆಚ್ಚುಕಡಿಮೆಯಾಗಿ ಮಗ್ಗದ ಮೋಟಾರು ಸುಟ್ಟದ್ದನ್ನು ಕಣ್ಣಾರೆ ಕಂಡವರು ನೀವು.

ಡಬ್ಬಿಯ ಮೇಲೆ "80 ಪ್ಲಸ್ ಬ್ರಾಂಜ್" ಎಂಬ ಗುರುತು ಇರಲಿ, ಹೆಸರಾದ ಕಂಪನಿಯದಾಗಿರಲಿ, 550 ವಾಟ್ ಇರಲಿ. ಈ ವರ್ಷಕ್ಕೆ ಅಷ್ಟು ಬೇಕಾಗಿಲ್ಲ. ಆದರೆ ಮುಂದೆ ಕಾರ್ಡ್ ಹಾಕುವಾಗ ಡಬ್ಬಿ ಬದಲಿಸುವ ಖರ್ಚು ಉಳಿಯುತ್ತದೆ. ಹೆಸರಿಲ್ಲದ ಡಬ್ಬಿಯ ಮೇಲೂ 500 ವಾಟ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಬರೆಯಲು ಏನು ಖರ್ಚು?

ಕರೆಂಟಿನ ಮಾತು ಬಂದಿದ್ದಕ್ಕೆ ಇನ್ನೆರಡು ಮಾತು. ಚಾಲೂ ಇದ್ದಾಗ ಪೆಟ್ಟಿಗೆಯ ತಗಡಿನ ಭಾಗ ಮುಟ್ಟಿದರೆ ಜುಮ್ ಅಂದರೆ ಮನೆಯ ಅರ್ಥಿಂಗ್ ಸರಿಯಿಲ್ಲ ಎಂದು ತಿಳಿಯಿರಿ. ಮೊದಲು ವೈರಿಂಗಿನವರನ್ನು ಕರೆಸಿ ಅದನ್ನು ಸರಿ ಮಾಡಿಸಿ, ಕಂಪ್ಯೂಟರ್ ಆಮೇಲೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಒಳಗೆ ಮೂರನೆಯ ತಂತಿಯೇ ಇರುವುದಿಲ್ಲ. ಸಣ್ಣ ಯು.ಪಿ.ಎಸ್. ಒಂದಿರಲಿ. ಸಾಮಾನ್ಯವಾಗಿ ಸಿಗುವ 600 ವಿ.ಎ.ಯದು ಸುಮಾರು 360 ವಾಟ್ ತಡೆಯುತ್ತದೆ. ಕರೆಂಟ್ ಹೋದಾಗ ಕೆಲಸ ಉಳಿಸಿ ಮುಚ್ಚಲು ಸಾಕು, ಆಟ ಮುಂದುವರಿಸಲು ಅಲ್ಲ.

ಗೃಹಜ್ಯೋತಿಯನ್ನೂ ಮರೆಯಬೇಡಿ. 200 ಯೂನಿಟ್ ಪುಕ್ಕಟೆ ಎಂದು ನಾವು ಬಾಯಲ್ಲಿ ಅನ್ನುತ್ತೇವೆ, ಆದರೆ ಪ್ರತಿ ಮನೆಗೆ 2022-23ರ ಸರಾಸರಿ ಬಳಕೆಯ ಮೇಲೆ ತುಸು ಹೆಚ್ಚು ಸೇರಿಸಿ ಮಿತಿ ಕಟ್ಟಿರುತ್ತಾರೆ. ಅದನ್ನು ದಾಟಿದಷ್ಟಕ್ಕೆ ರೊಕ್ಕ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಕಾರ್ಡ್ ಇಲ್ಲದ ಕಂಪ್ಯೂಟರ್, ಪರದೆ ಸೇರಿ ಆಟ ಆಡುವಾಗ 120 ವಾಟ್ ಎಳೆಯಿತು ಅನ್ನಿ. ದಿನಕ್ಕೆ ಮೂರು ತಾಸಾದರೆ ತಿಂಗಳಿಗೆ ಸುಮಾರು 11 ಯೂನಿಟ್. ಕಾರ್ಡ್ ಹಾಕಿದ ಮೇಲೆ 250 ವಾಟ್ ಹಿಡಿದರೆ 22-23 ಯೂನಿಟ್. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಯ ಮಿತಿ ಎಷ್ಟಿದೆ ಎಂದು ನೋಡಿ, ಈ ಲೆಕ್ಕವನ್ನು ಮಗನ ಕೈಯಿಂದಲೇ ಹಾಕಿಸಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಮದರ್‌ಬೋರ್ಡ್ ಪ್ರೊಸೆಸರ್‌ಗೆ ಹೊಂದುವಂಥದ್ದಾಗಬೇಕು, 5600ಜಿಗೆ ಎ.ಎಂ.4 ಸಾಕೆಟ್ಟಿನದು. ಡಿಸ್ಕ್ ಎಸ್.ಎಸ್.ಡಿ. ಆಗಿರಲಿ, 500 ಜಿ.ಬಿ. ಸಾಕು. ಮಾನಿಟರ್ ಏಳೆಂಟು ಸಾವಿರದ್ದು ನಡೆಯುತ್ತದೆ, ಮನೆಯಲ್ಲಿ ಎಚ್.ಡಿ.ಎಂ.ಐ. ಇರುವ ಟಿ.ವಿ. ಇದ್ದರೆ ಆರು ತಿಂಗಳು ಅದರಲ್ಲೇ ಕಳೆಯಬಹುದು, ಧಾರಾವಾಹಿಯ ಹೊತ್ತಿಗೆ ಹುಡುಗ ತಾನಾಗಿಯೇ ಏಳುತ್ತಾನೆ! ಕ್ಯಾಬಿನೆಟ್ ಮುಂದೆ ಜಾಳಿಗೆ ಇರುವಂಥದ್ದಾದರೆ ಗಾಳಿ ಆಡುತ್ತದೆ. ಪಕ್ಕದಲ್ಲಿ ಗಾಜು ಇದ್ದರೆ ಬಿಚ್ಚಿದಾಗ ಫರಸಿಯ ಮೇಲೆ ನಿಲ್ಲಿಸಬೇಡಿ. ಆ ಬಗೆಯ ಗಾಜಿನ ಅಂಚು ಕಲ್ಲಿಗೆ ತಾಕಿದರೆ ಒಮ್ಮೆಗೇ ಚೂರಾಗುತ್ತದೆ. ಹಾಸಿಗೆ ಮೇಲೆ ಮಲಗಿಸಿ ಇಡಿ.

ಎಲ್ಲಿ ತರಬೇಕು? ಬೆಂಗಳೂರಿನ ಎಸ್.ಪಿ. ರಸ್ತೆ ಈ ಸಾಮಾನಿಗೆ ಹೆಸರುವಾಸಿ, ಸಾದರ ಪತ್ರಪ್ಪ ರಸ್ತೆ ಎಂಬುದು ಅದರ ಪೂರ್ತಿ ಹೆಸರು. ಹುಡುಗರಿಗೆ ಅಲ್ಲಿಗೆ ಹೋಗುವ ಆಸೆ ಇದ್ದೇ ಇರುತ್ತದೆ. ಆದರೆ ಒಂದು ಸಾಮಾನು ಕೆಟ್ಟರೆ ಮತ್ತೆ ರಾತ್ರಿ ಬಸ್ಸು ಹತ್ತಬೇಕು, ಉಳಿಸಿದ್ದು ಅಲ್ಲಿಗೇ ಹೋಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆ ಹುಬ್ಬಳ್ಳಿ, ಬೆಳಗಾವಿ ಸಾಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದೆಯಲ್ಲ, ಸಾದಾ ಬಸ್ಸಿಗೆ ನಿಮಗೆ ಟಿಕೆಟ್ ಇಲ್ಲ. ಮಗನನ್ನೊಬ್ಬನನ್ನೇ ಕಳಿಸದೆ ನೀವೂ ಹೋಗಿ ಬನ್ನಿ. ಮೂರು ಅಂಗಡಿಯಲ್ಲಿ ಪಟ್ಟಿಗೆ ದರ ಬರೆಸಿಕೊಳ್ಳಿ. ಮೊದಲ ದಿನ ಕೊಳ್ಳಲೇಬೇಡಿ. ದರ ಬರೆದುಕೊಡಲು ಒಲ್ಲೆ ಎಂದವರ ಅಂಗಡಿ ಬಿಡಿ. ಆನ್‌ಲೈನ್ ದರವನ್ನೂ ಪಕ್ಕದಲ್ಲಿ ಬರೆಯಿರಿ. ಕಿತ್ತೂರು ಉತ್ಸವ, ದೀಪಾವಳಿಯ ಸುಮಾರಿಗೆ ಅಲ್ಲಿ ದರ ಇಳಿಯುವುದುಂಟು. ಕೆಟ್ಟರೆ ಸರ್ವಿಸ್ ಎಲ್ಲಿ ಎಂದು ಪ್ರತಿ ಸಾಮಾನಿಗೂ ಕೇಳಿ. "ಜಿ.ಎಸ್.ಟಿ. ಬಿಲ್ ಇಲ್ಲದೆ ಒಯ್ದರ ಸಾವಿರ ಬಿಡ್ತೀನಿ" ಅಂದರೆ ಸಾವಿರ ರೂಪಾಯಿಗೆ ವಾರಂಟಿ ಮಾರಿದಂತೆ. ಪ್ರೊಸೆಸರ್ ಕಂಪನಿಯ ಡಬ್ಬಿಯಲ್ಲೇ ಇರಬೇಕು. ಡಬ್ಬಿಯದಕ್ಕೆ ಮೂರು ವರ್ಷ ವಾರಂಟಿ. ಡಬ್ಬಿ ಇಲ್ಲದೆ ಕೈಗೆ ಕೊಡುವುದಕ್ಕೆ ಅದು ಇರುವುದಿಲ್ಲ.

ಜೋಡಿಸುವುದನ್ನು ಮಗ ಮನೆಯಲ್ಲೇ ಮಾಡಲಿ, ಪಡಸಾಲೆಯಲ್ಲಿ, ಹಗಲಿನಲ್ಲಿ. ನಾಲ್ಕು ತಾಸು ಬೇಕು. ಮೇಜಿನ ಮೇಲೆ ರಟ್ಟು ಹಾಸಿ. ಪಾಲಿಸ್ಟರ್ ಸೀರೆ, ಉಣ್ಣೆಯ ಚಾದರ ಹತ್ತಿರ ಬೇಡ. ಮೈಯಲ್ಲಿ ಕೂಡುವ ಸ್ಥಾಯಿ ವಿದ್ಯುತ್ತು ಚಿಪ್ಪಿಗೆ ಕೇಡು. ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಕೆಲಸ ಮಾಡಬೇಕು. 5600ಜಿಯ ಕೆಳಗೆ ನೂರಾರು ಸಣ್ಣ ಮುಳ್ಳುಗಳಿವೆ, ಬಾಗಿದರೆ ಕೆಟ್ಟಂತೆ. ಮೂಲೆಯ ತ್ರಿಕೋನದ ಗುರುತು ಸಾಕೆಟ್ಟಿನ ತ್ರಿಕೋನಕ್ಕೆ ಕೂಡಿಸಿ ಮೆಲ್ಲಗೆ ಇಟ್ಟರೆ ತಾನೇ ಕೂರುತ್ತದೆ, ಒತ್ತಬಾರದು. ಹೊಸ ಕೂಲರಿನ ತಳಕ್ಕೆ ಪೇಸ್ಟ್ ಸವರಿಯೇ ಬಂದಿದ್ದರೆ ಮತ್ತೆ ಹಚ್ಚುವುದು ಬೇಡ. ಇಲ್ಲದಿದ್ದರೆ ಬಟಾಣಿ ಕಾಳಿನಷ್ಟು ಸಾಕು. ರ್ಯಾಮಿಗೆ ನಾಲ್ಕು ಸಾಲು ಇದ್ದರೆ ಸಾಮಾನ್ಯವಾಗಿ ಎರಡನೆಯದು, ನಾಲ್ಕನೆಯದು. ಟಕ್ ಎಂದು ಸಪ್ಪಳ ಬರಬೇಕು. ಮುಂದೆ ಕಾರ್ಡ್ ಹಾಕಿದ ದಿನ ಪರದೆಯ ತಂತಿಯನ್ನು ಮದರ್‌ಬೋರ್ಡಿಗೆ ಅಲ್ಲ, ಕಾರ್ಡಿಗೇ ಸಿಕ್ಕಿಸಬೇಕು. ಇಪ್ಪತ್ತು ಸಾವಿರದ ಕಾರ್ಡ್ ಸುಮ್ಮನೆ ಕೂತು, ಚಿತ್ರ ಹಳೆಯ ದಾರಿಯಿಂದಲೇ ಬರುತ್ತಿರುವ ಮನೆಗಳು ಎಷ್ಟೋ!

ಇಡುವ ಜಾಗ ನಿಮ್ಮ ಕೈಯಲ್ಲಿದೆ. ನೆಲದ ಮೇಲೆ ಬೇಡ. ಅಡಿಗೆಮನೆಯ ಬಾಗಿಲಿಗೆ, ದೇವರ ಕೋಣೆಗೆ ಹತ್ತಿರ ಬೇಡ. ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ ಫ್ಯಾನಿಗೆ ಜಿಡ್ಡಾಗಿ ಕೂರುತ್ತದೆ, ಅದರ ಮೇಲೆ ಎರೆಹೊಲದ ಧೂಳು ಬಂದು ಅಂಟುತ್ತದೆ. ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಮೆತ್ತನೆಯ ಒಣ ಬ್ರಷ್‌ನಿಂದ ಝಾಡಿಸಬೇಕು. ಆಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು.

ಈಗ ಅಂಜಿಕೆಯ ಮಾತು. ಅತಿಯಾದ ಆಟವನ್ನು ವಿಶ್ವ ಆರೋಗ್ಯ ಸಂಸ್ಥೆಯು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಆಡಿದವರೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ-ನಿದ್ದೆ-ಓದು ಎಲ್ಲಕ್ಕಿಂತ ಆಟವೇ ಮೊದಲಾಗುವುದು, ಕೇಡಾಗುತ್ತಿದೆ ಎಂದು ತಿಳಿದೂ ಬಿಡಲಾಗದಿರುವುದು, ಇದು ಸಾಧಾರಣವಾಗಿ ಒಂದು ವರ್ಷ ನಡೆದರೆ ಆಗ ಅದಕ್ಕೆ ಕಾಯಿಲೆಯ ಹೆಸರು. ಅಂಥ ಲಕ್ಷಣ ಕಂಡರೆ ಬೈದು ಫಲವಿಲ್ಲ. 14416ಕ್ಕೆ ಫೋನ್ ಮಾಡಿ, ಟೆಲಿ-ಮಾನಸ್ ಎಂದು ಸರಕಾರದ್ದೇ ವ್ಯವಸ್ಥೆ, ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮಗೆ ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶಟ್ ಎಂಬ ಕ್ಲಿನಿಕ್ ತೆರೆದರು.

ನನಗೆ ಕಾಣುವಂತೆ ಹೆಚ್ಚು ಕೇಡು ಮಾಡುವುದು ಚಾದರದೊಳಗಿನ ಮೊಬೈಲು. ಪಡಸಾಲೆಯ ಕಂಪ್ಯೂಟರ್ ಕಣ್ಣ ಮುಂದೆ ಇರುತ್ತದೆ. ಕೋಣೆಯಲ್ಲಿ ಇಡುತ್ತೇನೆ ಅಂದರೆ ರೊಕ್ಕ ಕೊಡಬೇಡಿ, ಅಷ್ಟು ಖಡಾಖಂಡಿತ ಹೇಳಿ. ರೊಕ್ಕ ಪಣಕ್ಕಿಟ್ಟು ಆಡುವ ಆಟಗಳೇ ಬೇರೆ, ಅವನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅಂಥದ್ದು ಕಂಡರೆ ಮುಲಾಜಿಲ್ಲದೆ ಮುಚ್ಚಿಸಿ. ನಿಮ್ಮ ಫೋನ್‌ಪೇ, ಗೂಗಲ್‌ಪೇ ಗುಟ್ಟಿನ ಅಂಕಿ ಮಗನಿಗೆ ಗೊತ್ತಿರಬಾರದು. ಕದ್ದ ಆಟ ಇಳಿಸಿಕೊಂಡರೆ ಜೊತೆಗೆ ವೈರಸ್ಸೂ ಬರುತ್ತದೆ. ಎಪಿಕ್ ಎಂಬ ಅಂಗಡಿ ಪುಕ್ಕಟೆ ಆಟಗಳನ್ನು ಕೊಡುತ್ತಲೇ ಇರುತ್ತದೆ. ಸ್ಟೀಮ್ ಎಂಬಲ್ಲಿ ಕೊಂಡದ್ದು ಸೇರದಿದ್ದರೆ, ಎರಡು ತಾಸಿಗಿಂತ ಕಡಿಮೆ ಆಡಿ 14 ದಿನದೊಳಗೆ ಕೇಳಿದರೆ ರೊಕ್ಕ ವಾಪಸು ಬರುತ್ತದೆ.

ಇನ್ನು ಆ ಮಗಳು. ತಾಯೇ, "ಅಕಿದೇನು ಬಿಡ್ರಿ" ಎಂದು ಯಾಕೆ ಬರೆದಿರಿ? ಗೃಹಲಕ್ಷ್ಮಿಯ ರೊಕ್ಕ ಮನೆಯ ಹೆಣ್ಣಿನ ಹೆಸರಿಗೆ ಬಂದದ್ದು. ಅದರಲ್ಲಿ ತಂದ ಯಂತ್ರವನ್ನು ಮನೆಯ ಹೆಣ್ಣುಮಗಳು ಮುಟ್ಟಬಾರದೇ? ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್ಯಾಕ್ಟಿವ್ ಎಂಬ ಆಟ ತಯಾರಿಸುವ ಕಂಪನಿ ಶುರುವಾಗಿ, 2019ರಲ್ಲಿ ಅದನ್ನು ಜಿ.ಟಿ.ಎ. ಆಟ ಮಾಡಿದ ರಾಕ್‌ಸ್ಟಾರ್ ಕಂಪನಿಯೇ ಕೊಂಡಿತು. ಆಟದಲ್ಲಿ ಕಾಣುವ ಮನೆ, ಗಿಡ, ಸೀರೆಯ ನೆರಿಗೆ ಎಲ್ಲವನ್ನೂ ಯಾರೋ ಕೂತು ಬರೆದಿರುತ್ತಾರೆ. ಅದನ್ನು ಕಲಿಯಲು ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಇದೇ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ನೇಕಾರರ ಮನೆಯ ಹುಡುಗಿ, ನಕಾಶೆ, ಬಣ್ಣ, ಅಂಚು-ಸೆರಗಿನ ಲೆಕ್ಕ ನೋಡುತ್ತ ಬೆಳೆದವಳು. ಈ ಕೆಲಸ ಅವಳಿಗೆ ಒಗ್ಗದು ಎಂದು ಮೊದಲೇ ಯಾಕೆ ತೀರ್ಮಾನಿಸಬೇಕು? ಕಂಪ್ಯೂಟರಿನಲ್ಲಿ ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಖಾತೆ ಮಾಡಿಸಿ. ದಿನಕ್ಕೆ ಅವಳಿಗೆ ಒಂದು ತಾಸು ಬರೆದಿಡಿ. ಪರೀಕ್ಷೆ ಇರಲಿ, ಅಣ್ಣನ ಗೆಳೆಯರು ಬಂದಿರಲಿ, ಆ ತಾಸು ಅವಳದ್ದೇ. ಜೋಡಿಸುವ ದಿನ ಸ್ಕ್ರೂ ಡ್ರೈವರ್ ಅವಳ ಕೈಗೂ ಕೊಡಿ. ಇದು ರೊಕ್ಕ ಕೊಡುವವಳ ಷರತ್ತು ಎಂದು ಮಗನಿಗೆ ಮೊದಲೇ ಹೇಳಿಬಿಡಿ.

45 ಸಾವಿರವನ್ನೂ ಒಮ್ಮೆಗೇ ಬಿಚ್ಚಬೇಡಿ. ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಎಷ್ಟು ಬೇಕೋ ಅಷ್ಟು ತೆಗೆದು, ಉಳಿದದ್ದು ಬ್ಯಾಂಕಿನಲ್ಲೇ ಇರಲಿ. ಕಾರ್ಡಿನ ಅರ್ಧ ರೊಕ್ಕವನ್ನು ಮಗ ರಜೆಯಲ್ಲಿ ದುಡಿದು ಹಾಕಲಿ. ಅಂಕ ಬಂದರೆ ಕೊಡಿಸುತ್ತೇನೆ ಎಂಬ ಆಸೆ ತೋರಿಸುವುದು ನನಗೆ ಸೇರುವುದಿಲ್ಲ. ಓದು ಬೇರೆ, ವ್ಯವಹಾರ ಬೇರೆ.

ಎಲ್ಲ ಮುಗಿದ ಮೇಲೆ ಬಿಲ್ಲುಗಳನ್ನು ಗ್ಯಾಸ್ ಪುಸ್ತಕ, ಮನೆಪಟ್ಟಿ ಇಡುವ ಚೀಲದಲ್ಲಿ ನೀವೇ ಇಟ್ಟುಕೊಳ್ಳಿ. ಈಗಿನ ಬಿಲ್ಲಿನ ಅಕ್ಷರ ವರ್ಷದೊಳಗೆ ಅಳಿಸಿಹೋಗುವುದರಿಂದ ಮೊದಲ ದಿನವೇ ಝೆರಾಕ್ಸ್ ಮಾಡಿಸಿ. ಪ್ರತಿ ಸಾಮಾನಿನ ಸೀರಿಯಲ್ ನಂಬರನ್ನು, ವಾರಂಟಿ ಮುಗಿಯುವ ತಾರೀಖನ್ನು ಅದರ ಹಿಂದೆ ಮಗಳ ಕೈಯಿಂದ ಬರೆಸಿ. ಖಾಲಿ ಡಬ್ಬಿಗಳನ್ನು ರದ್ದಿಗೆ ಹಾಕದೆ ಅಟ್ಟದ ಮೇಲೆ ಇಡಿ. ಸಾಮಾನು ವಾಪಸು ಕಳಿಸುವಾಗ ಡಬ್ಬಿ ಕೇಳುತ್ತಾರೆ.